ಸರ್ಫ್ ಸಂಗೀತದ ಡ್ರಮ್ಮು ಮತ್ತು ನಾನು ಕಿತ್ತುಕೊಂಡ ಕೋಲುಗಳು

ನನ್ನ ಪ್ರಿಯ ವಿದ್ಯಾರ್ಥಿಗಳಿಗೂ ಬಂಧುಗಳಿಗೂ ಈ ಸಲದ ವಿಷಯ ಕೊಂಚ ವಿಚಿತ್ರವೆನಿಸೀತು. ಮೂವತ್ತೈದು ವರ್ಷಗಳ ಕಾಲ ತರಗತಿಯಲ್ಲಿ ಚರಿತ್ರೆಯನ್ನು ಬೋಧಿಸಿದವನು ನಾನು. ನನ್ನಿಂದ ನೀವು ನಿರೀಕ್ಷಿಸುವುದು ವಿಜಯನಗರದ ಪತನವನ್ನೋ ಫ್ರೆಂಚ್ ಕ್ರಾಂತಿಯನ್ನೋ ಕುರಿತ ನಾಲ್ಕು ಮಾತುಗಳನ್ನು. ಆದರೆ ಚರಿತ್ರೆ ಎಂಬುದು ರಾಜರ ಪಟ್ಟಾಭಿಷೇಕಗಳಲ್ಲಿ ಮಾತ್ರವಲ್ಲ, ಹೈಸ್ಕೂಲಿನ ಹುಡುಗನೊಬ್ಬ ಮೇಜಿನ ಮೇಲೆ ಬೆರಳಿನಿಂದ ಬಾರಿಸುವ ತಾಳದಲ್ಲಿಯೂ ಇರುತ್ತದೆ ಎಂಬುದನ್ನು ನಾನು ತಡವಾಗಿ ಕಲಿತೆ. ಕಲಿಸಿದವನು ನನ್ನ ಒಬ್ಬ ವಿದ್ಯಾರ್ಥಿ. ಅವನ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಅವನ ಜೊತೆ ಓದಿದವರು ಗುರುತಿಸಿದರೆ ಗುರುತಿಸಲಿ.

ಅವನು ಈಗ ಬಹಳ ವರ್ಷಗಳಿಂದ ದಕ್ಷಿಣ ಕ್ಯಾಲಿಫೋರ್ನಿಯದಲ್ಲಿ ನೆಲೆಸಿದ್ದಾನೆ. ಹಗಲು ಇಂಜಿನಿಯರ್ ಕೆಲಸ. ರಾತ್ರಿ ಊಟವಾದ ಮೇಲೆ ಗಿಟಾರು. ಅವನು ನುಡಿಸುವುದು ಸರ್ಫ್ ಸಂಗೀತ ಎಂಬ ಪ್ರಕಾರವನ್ನು. ಹಲಗೆಯ ಮೇಲೆ ನಿಂತು ಕಡಲಿನ ಅಲೆಗಳನ್ನೇರಿ ಜಾರುವ ಆಟಕ್ಕೆ ಅಲ್ಲಿ ಸರ್ಫಿಂಗ್ ಎನ್ನುತ್ತಾರೆ. 1960ರ ದಶಕದ ಆರಂಭದಲ್ಲಿ ಆ ಆಟದ ಹುಡುಗರಿಗಾಗಿ ಹುಟ್ಟಿದ ಸಂಗೀತವಿದು. ಬಹುಪಾಲು ಸಾಹಿತ್ಯವಿಲ್ಲ, ಕೇವಲ ವಾದ್ಯ. ಗಿಟಾರಿನ ನಾದ ನೀರಿನೊಳಗಿಂದ ಬಂದಂತೆ ಅಲೆಯಲೆಯಾಗಿ ಪ್ರತಿಧ್ವನಿಸುತ್ತದೆ. ಅದರ ಹಿಂದೆ ಡ್ರಮ್ಮುಗಳು ಓಡುತ್ತಿರುತ್ತವೆ.

2014ರಲ್ಲಿ ನಾನೂ ನನ್ನ ಶ್ರೀಮತಿಯೂ ಲಾಸ್ ಏಂಜಲೀಸ್ ಸಮೀಪದಲ್ಲಿದ್ದ ಮಗಳ ಮನೆಗೆ ಹೋಗಿದ್ದಾಗ ಅವನು ಕಾರಿನಲ್ಲಿ ಬಂದು ನಮ್ಮನ್ನು ಬಾಲ್ಬೋವಾ ಎಂಬ ಕಡಲತೀರಕ್ಕೆ ಕರೆದೊಯ್ದ. ಅಲ್ಲಿ ಒಂದು ಕಾಲಕ್ಕೆ ರಾಂಡೆವೂ ಬಾಲ್‌ರೂಮ್ ಎಂಬ ವಿಶಾಲವಾದ ನೃತ್ಯಶಾಲೆ ಇತ್ತು. 1966ರಲ್ಲಿ ಅದು ಬೆಂಕಿಗೆ ಆಹುತಿಯಾಯಿತು. ಈಗ ಉಳಿದಿರುವುದು ಒಂದು ಸ್ಮಾರಕ ಫಲಕ ಮಾತ್ರ. “ಸಾರ್, ನೀವು ನಮ್ಮನ್ನು ಹಂಪೆಗೆ ಕರಕೊಂಡು ಹೋಗಿದ್ರಿ. ನನ್ನ ಹಂಪೆ ಇದು,” ಎಂದು ಅವನು ನಕ್ಕ.

1961ರ ಬೇಸಿಗೆಯಲ್ಲಿ ಆ ಶಾಲೆಯ ವೇದಿಕೆಯ ಮೇಲೆ ಡಿಕ್ ಡೇಲ್ ಎಂಬ ತರುಣ ಸಾವಿರಾರು ಜನರನ್ನು ಕುಣಿಸಿದ. 1937ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿದವನು. ತಂದೆಯ ಕಡೆಯಿಂದ ಲೆಬನಾನ್ ಮೂಲದವನು. ಎಡಗೈಯವನಾದುದರಿಂದ ಬಲಗೈಯವರ ಗಿಟಾರನ್ನೇ ತಲೆಕೆಳಗಾಗಿ ಹಿಡಿದು, ತಂತಿಗಳ ಕ್ರಮವನ್ನೂ ಬದಲಿಸದೆ ನುಡಿಸುತ್ತಿದ್ದ. ಅವನ ಅಬ್ಬರವನ್ನು ತಾಳಿಕೊಳ್ಳುವಂಥ ಆಂಪ್ಲಿಫೈಯರುಗಳನ್ನು ಲಿಯೋ ಫೆಂಡರ್ ಎಂಬ ತಯಾರಕ ಮತ್ತೆ ಮತ್ತೆ ತಿದ್ದಿ ಕಟ್ಟಬೇಕಾಯಿತು. ಆದರೆ ನನ್ನನ್ನು ಸೆಳೆದ ಸಂಗತಿ ಬೇರೆ. ಡೇಲ್ ತಾಳವಾದ್ಯವನ್ನೂ ಕಲಿತಿದ್ದ. ಅರಬ್ಬೀ ಡೋಲಕದ ಪೆಟ್ಟುಗಳನ್ನೂ ಜೀನ್ ಕ್ರೂಪಾ ಎಂಬ ಪ್ರಸಿದ್ಧ ಡ್ರಮ್ ವಾದಕನ ಗತಿಯನ್ನೂ ತಾನು ಗಿಟಾರಿಗೆ ತಂದೆನೆಂದು ಅವನೇ ಹೇಳಿಕೊಳ್ಳುತ್ತಿದ್ದ. 1962ರಲ್ಲಿ ಅವನು ಮುದ್ರಿಸಿದ ‘ಮಿಸಿರ್ಲೂ’ ಪೂರ್ವ ಮೆಡಿಟರೇನಿಯನ್ ಸೀಮೆಯ ಹಳೆಯ ಧಾಟಿ. ಅದರಲ್ಲಿ ಒಂದೇ ತಂತಿಯ ಮೇಲೆ ಬೀಳುವ ಬಿರುಸಾದ ಮೀಟುಗಳು ನಿಜಕ್ಕೂ ಡೋಲಿನ ಪೆಟ್ಟುಗಳೇ. ಎಂದರೆ ಈ ಸಂಗೀತದಲ್ಲಿ ಗಿಟಾರು ಕೂಡ ಅರ್ಧ ಡ್ರಮ್ಮು. ಜೊತೆಗಿರುವ ಡ್ರಮ್ಮು ನಿರ್ಜೀವವಾದರೆ ಗಿಟಾರು ಅನಾಥವಾಗುತ್ತದೆ.

ಆ ಡ್ರಮ್ಮಿನ ಮೂಲ ನಡೆ ಬಹಳ ಸರಳ. ಮನಸ್ಸಿನಲ್ಲಿ ನಾಲ್ಕು ಎಣಿಸಿ. ಒಂದಕ್ಕೆ ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್ಮು. ಎರಡಕ್ಕೆ ಅಡಿಯಲ್ಲಿ ಲೋಹದ ತಂತಿ ಕಟ್ಟಿದ ಸ್ನೇರ್ ಡ್ರಮ್ಮಿನ ಮೇಲೆ ಎರಡು ಬೇಗದ ಪೆಟ್ಟು. ಮೂರಕ್ಕೆ ಮತ್ತೆ ಕಾಲು. ನಾಲ್ಕಕ್ಕೆ ಸ್ನೇರಿನ ಮೇಲೆ ಒಂದೇ ಪೆಟ್ಟು. ‘ಧುಂ, ಟ-ಟ, ಧುಂ, ಟ’ — ಇಷ್ಟೇ. ಆದರೆ ಇದು ವೇಗವಾಗಿ ಹಾಯುತ್ತಿರುವಾಗ ನಡುನಡುವೆ ವಾದಕ ತನ್ನ ಟಾಮ್ ಎಂಬ ಗಂಭೀರನಾದದ ಡ್ರಮ್ಮುಗಳ ಮೇಲೆ ಸುರಿಮಳೆಗರೆಯುತ್ತಾನೆ. ಅಲೆ ಒಡೆಯುವುದು ಅಲ್ಲಿ.

ಇನ್ನೊಂದು ಸಣ್ಣ ಸಂಗತಿ. ಹಿಂದೆ ಆ ಡ್ರಮ್ಮುಗಳಿಗೆ ಕರುವಿನ ಚರ್ಮ ಹೊದಿಸುತ್ತಿದ್ದರು. ತೇವವಾದರೆ ಅದು ಸಡಿಲಗೊಳ್ಳುತ್ತದೆ. 1957ರಲ್ಲಿ ಕ್ಯಾಲಿಫೋರ್ನಿಯದ ರೆಮೋ ಬೆಲ್ಲಿ ಎಂಬ ಡ್ರಮ್ ವಾದಕ ಮೈಲಾರ್ ಎಂಬ ಪ್ಲಾಸ್ಟಿಕ್ ಹಾಳೆಯ ಹೊದಿಕೆಗಳನ್ನು ಮಾರಾಟಕ್ಕೆ ತಂದ. ಕಡಲ ಗಾಳಿಗೂ ಅಳುಕದ ಹೊದಿಕೆ! ಆಗಸ್ಟ್ ತಿಂಗಳ ಜಡಿಮಳೆಯಲ್ಲಿ ನಮ್ಮ ಶಾಲೆಯ ಸೈಡ್ ಡ್ರಮ್ಮನ್ನು ಅಡುಗೆಮನೆಯ ಒಲೆಯ ಮುಂದೆ ಹಿಡಿದು ಚರ್ಮ ಬಿಗಿಯಾಗಿಸುತ್ತಿದ್ದ ನಿಮ್ಮಲ್ಲಿ ಕೆಲವರಿಗೆ ಇದರ ಬೆಲೆ ತಿಳಿದೀತು.

ಇಷ್ಟು ಮುಖ್ಯವಾದ ಡ್ರಮ್ಮನ್ನು ಬಾರಿಸಿದವರಿಗೆ ಸಂದದ್ದೇನು? 1960ರಲ್ಲಿ ವಾಷಿಂಗ್ಟನ್ ರಾಜ್ಯದ ಟಕೋಮಾ ಪಟ್ಟಣದ ವೆಂಚರ್ಸ್ ಎಂಬ ತಂಡ ‘ವಾಕ್, ಡೋಂಟ್ ರನ್’ ಎಂಬ ಕೃತಿಯನ್ನು ಮುದ್ರಿಸಿತು. ಸರ್ಫ್ ಸಂಗೀತಕ್ಕೆ ದಾರಿ ತೆರೆದ ಆ ತಟ್ಟೆ ಅಮೆರಿಕದ ಜನಪ್ರಿಯತೆಯ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿತು. ಅದರಲ್ಲಿ ಡ್ರಮ್ ಬಾರಿಸಿದವನು ಸ್ಕಿಪ್ ಮೂರ್. ಲಾಭದ ನಾಲ್ಕನೆಯ ಒಂದು ಪಾಲೋ, 25 ಡಾಲರು ನಗದೋ ಎಂದು ಕೇಳಿದಾಗ ಅವನು 25 ಡಾಲರನ್ನೇ ಆರಿಸಿಕೊಂಡನೆಂಬ ಕಥೆ ಪ್ರಸಿದ್ಧವಾಗಿದೆ. ‘ಲೆಟ್ ದೇರ್ ಬಿ ಡ್ರಮ್ಸ್’ ಎಂಬ 1961ರ ಕೃತಿಯಿಂದ ಡ್ರಮ್ಮನ್ನೇ ನಾಯಕನ ಪಟ್ಟಕ್ಕೇರಿಸಿದ ಸ್ಯಾಂಡಿ ನೆಲ್ಸನ್ 1963ರಲ್ಲಿ ಮೋಟಾರ್ ಸೈಕಲ್ ಅಪಘಾತದಲ್ಲಿ ಬಲಗಾಲಿನ ಭಾಗವನ್ನು ಕಳೆದುಕೊಂಡ. ಆದರೂ ಡ್ರಮ್ ಬಿಡಲಿಲ್ಲ.

ಎಲ್ಲಕ್ಕಿಂತ ನನ್ನ ಮನಸ್ಸನ್ನು ಕಲಕಿದ್ದು ರಾನ್ ವಿಲ್ಸನ್ ಎಂಬ ಹುಡುಗನ ಕಥೆ. 1962–63ರ ಚಳಿಗಾಲದಲ್ಲಿ ಗ್ಲೆಂಡೋರಾ ಸೀಮೆಯ ಸರ್ಫಾರಿಸ್ ಎಂಬ ಹುಡುಗರ ತಂಡ ಕುಕಮಾಂಗಾ ಊರಿನ ಪ್ಯಾಲ್ ಎಂಬ ಪುಟ್ಟ ಸ್ಟುಡಿಯೋಕ್ಕೆ ಬಂತು. ಅದರ ಒಡೆಯ ಪಾಲ್ ಬಫ್ ತಾನೇ ಕಟ್ಟಿಕೊಂಡ ಐದು ಪಥಗಳ ಟೇಪ್ ಯಂತ್ರದಲ್ಲಿ ಮುದ್ರಿಸುತ್ತಿದ್ದ. ವಿಲ್ಸನ್ ಬರೆದ ‘ಸರ್ಫರ್ ಜೋ’ ಎಂಬ ಹಾಡು ಮುಗಿಯಿತು. ತಟ್ಟೆಯ ಇನ್ನೊಂದು ಬದಿಗೆ ಏನೂ ಇರಲಿಲ್ಲ. ಆಗ ವಿಲ್ಸನ್ ತನ್ನ ಶಾಲೆಯ ಮೆರವಣಿಗೆ ಬ್ಯಾಂಡಿನಲ್ಲಿ ಬಾರಿಸುತ್ತಿದ್ದ ಕವಾಯತಿನ ತಾಳವನ್ನು ಬಹಳ ವೇಗವಾಗಿ ಟಾಮ್‌ಗಳ ಮೇಲೆ ಬಾರಿಸತೊಡಗಿದ. ಗಿಟಾರಿನವರು ಸೇರಿಕೊಂಡರು. ಅಲೆಹಲಗೆ ಮುರಿದಂತೆ ಸದ್ದು ಬರಲೆಂದು ಮೈಕಿನ ಬಳಿ ಒಂದು ಹಲಗೆಯನ್ನು ಮುರಿದರು. ತಂಡದ ವ್ಯವಸ್ಥಾಪಕ ಹುಚ್ಚು ನಗೆಯೊಂದನ್ನು ನಕ್ಕ. ‘ವೈಪ್ ಔಟ್’ ಹುಟ್ಟಿದ್ದು ಹೀಗೆ. 1963ರಲ್ಲಿ ಅದೂ ಎರಡನೆಯ ಸ್ಥಾನಕ್ಕೇರಿತು. ಆ ಪೀಳಿಗೆಯ ಅಮೆರಿಕದ ಮಕ್ಕಳು ತರಗತಿಯ ಮೇಜುಗಳ ಮೇಲೆ ಆ ತಾಳವನ್ನು ಬಾರಿಸಿ ಮೇಷ್ಟರುಗಳಿಂದ ಬೈಸಿಕೊಂಡರಂತೆ. ವಿಲ್ಸನ್ 1989ರಲ್ಲಿ, ಐವತ್ತು ತುಂಬುವ ಮುನ್ನವೇ ತೀರಿಕೊಂಡ.

ಶಾಲೆಯ ಕವಾಯತಿನ ತಾಳ ಲೋಕದ ತಾಳವಾಯಿತು. ಇದನ್ನು ಓದಿದಾಗ ನನಗೆ ನಿದ್ರೆ ಬರಲಿಲ್ಲ. ಕಾರಣವನ್ನು ಕೊನೆಯಲ್ಲಿ ಹೇಳುತ್ತೇನೆ.

ಈಗ ಕಥೆಯ ಇನ್ನೊಂದು ಎಳೆ: ಮನೆಯಲ್ಲಿ ಕುಳಿತು ಒಬ್ಬನೇ ಸಂಗೀತ ಮುದ್ರಿಸುವವನು ಡ್ರಮ್ಮಿಗೆ ಏನು ಮಾಡಬೇಕು? ಗಿಟಾರನ್ನು ಮಲಗುವ ಕೋಣೆಯಲ್ಲಿ ನುಡಿಸಬಹುದು. ಡ್ರಮ್ಮನ್ನು ಬಾರಿಸಿದರೆ ಪಕ್ಕದ ಮನೆಯವರು ಬಾಗಿಲು ಬಡಿಯುತ್ತಾರೆ. 1940ರ ದಶಕದಲ್ಲೇ ಲೆಸ್ ಪಾಲ್ ಎಂಬ ಗಿಟಾರ್ ವಾದಕ ಹಾಲಿವುಡ್ಡಿನ ತನ್ನ ಗ್ಯಾರೇಜಿನಲ್ಲಿ ಒಂದರ ಮೇಲೊಂದು ಪದರವಾಗಿ ತನ್ನ ವಾದನವನ್ನೇ ಮುದ್ರಿಸಿ, ಒಬ್ಬನೇ ಒಂದು ತಂಡವಾಗಬಹುದೆಂದು ತೋರಿಸಿದ್ದ. 1979ರಲ್ಲಿ ಜಪಾನಿನ ಟಿಯಾಕ್ ಸಂಸ್ಥೆ ಸಾಮಾನ್ಯ ಕ್ಯಾಸೆಟ್ಟಿನಲ್ಲಿಯೇ ನಾಲ್ಕು ಪಥಗಳನ್ನು ಮುದ್ರಿಸುವ ಪೋರ್ಟಾಸ್ಟುಡಿಯೋ ಎಂಬ ಯಂತ್ರವನ್ನು ತಂದಾಗ ಈ ವಿದ್ಯೆ ಮಧ್ಯಮ ವರ್ಗದ ಮನೆಗಳನ್ನು ಹೊಕ್ಕಿತು. ಆದರೆ ಡ್ರಮ್ ವಾದಕ ಆ ಪೆಟ್ಟಿಗೆಯೊಳಗೆ ಹಿಡಿಸಲಿಲ್ಲ. ಅವನ ಬದಲಿಗೆ ಯಂತ್ರ ಬೇಕಾಯಿತು.

ತಾಳಯಂತ್ರದ ಚರಿತ್ರೆ ಅದಕ್ಕಿಂತ ಹಳೆಯದು. 1930ರ ದಶಕದ ಆರಂಭದಲ್ಲಿ ರಷ್ಯದ ಲಿಯಾನ್ ಥೆರೆಮಿನ್, ಅಮೆರಿಕದ ಸಂಗೀತಕಾರ ಹೆನ್ರಿ ಕವೆಲ್‌ನಿಗಾಗಿ ರಿದಮಿಕಾನ್ ಎಂಬ ಯಂತ್ರವನ್ನು ಕಟ್ಟಿದ. 1940ರ ದಶಕದ ಕೊನೆಯಲ್ಲಿ ಹ್ಯಾರಿ ಚೇಂಬರ್ಲಿನ್ ಎಂಬಾತ ದಕ್ಷಿಣ ಕ್ಯಾಲಿಫೋರ್ನಿಯದಲ್ಲೇ, ಎಂದರೆ ಮುಂದೆ ಸರ್ಫ್ ಸಂಗೀತ ಹುಟ್ಟಲಿದ್ದ ಸೀಮೆಯಲ್ಲೇ, ರಿದ್‌ಮೇಟ್ ಎಂಬ ಪೆಟ್ಟಿಗೆಯನ್ನು ತಯಾರಿಸಿದ. ಅದರೊಳಗೆ ನಿಜವಾದ ವಾದಕನ ಪೆಟ್ಟುಗಳು ಟೇಪಿನ ಉಂಗುರಗಳಲ್ಲಿ ಸುತ್ತುತ್ತಿದ್ದವು. 1959ರಲ್ಲಿ ವುರ್ಲಿಟ್ಜರ್ ಸಂಸ್ಥೆಯ ಸೈಡ್‌ಮ್ಯಾನ್ ಬಂತು. ಅದರಲ್ಲಿ ಮನುಷ್ಯನ ಕೈ ಇರಲೇ ಇಲ್ಲ. ತಿರುಗುವ ತಟ್ಟೆಯೊಂದು ನಿರ್ವಾತ ಕೊಳವೆಗಳಿಂದ ವಾಲ್ಟ್ಜ್, ಟ್ಯಾಂಗೋ, ಫಾಕ್ಸ್‌ಟ್ರಾಟ್ ಮೊದಲಾದ ನೃತ್ಯಗಳ ತಾಳವನ್ನು ಹೊರಡಿಸುತ್ತಿತ್ತು. ಮನೆಯಲ್ಲಿ ಆರ್ಗನ್ ನುಡಿಸುವವರಿಗೆ ಅದು ಜೊತೆಗಾರ. ವೃತ್ತಿಪರ ವಾದಕರ ಸಂಘಕ್ಕೆ ಮಾತ್ರ ಅದು ಅನ್ನ ಕಸಿಯುವ ಯಂತ್ರವಾಗಿ ಕಂಡಿತು, ಅವರು ಪ್ರತಿಭಟಿಸಿದರು. ನಮ್ಮ ಮಗ್ಗದವರ ಕಥೆ ಬಲ್ಲವರಿಗೆ ಆ ಭಯವನ್ನು ವಿವರಿಸಬೇಕಿಲ್ಲ.

ಮುಂದೆ ಜಪಾನಿನ ಇಕುತಾರೊ ಕಾಕೆಹಾಶಿ ಈ ಯಂತ್ರವನ್ನು ಟ್ರಾನ್ಸಿಸ್ಟರುಗಳಿಂದ ಕಟ್ಟಿ, 1967ರಲ್ಲಿ ರಿದಮ್ ಏಸ್ ಎಂಬ ಹೆಸರಿನಲ್ಲಿ ತಂದರು. 1972ರಲ್ಲಿ ಅವರು ಸ್ಥಾಪಿಸಿದ ರೋಲೆಂಡ್ ಸಂಸ್ಥೆಯಿಂದ 1980ರಲ್ಲಿ ಟಿಆರ್-808 ಬಂತು. ಅದೇ ವರ್ಷ ಅಮೆರಿಕದ ರೋಜರ್ ಲಿನ್ ಎಲ್ಎಂ-1 ಎಂಬ ಯಂತ್ರದಲ್ಲಿ ನಿಜವಾದ ಡ್ರಮ್ಮಿನ ಸದ್ದನ್ನು ಸಂಖ್ಯೆಗಳಾಗಿಸಿ ಚಿಪ್ಪುಗಳಲ್ಲಿ ಹುದುಗಿಸಿದ. ಅದರ ಬೆಲೆ ಐದು ಸಾವಿರ ಡಾಲರುಗಳ ಆಸುಪಾಸು. ಆದರೂ ಅದರಲ್ಲಿ ದೊಡ್ಡ ಸಿಂಬಲ್‌ಗಳ ಸದ್ದಿರಲಿಲ್ಲ! ಕಂಚಿನ ತಟ್ಟೆಯ ನಾದ ಬಹಳ ಹೊತ್ತು ನಿಲ್ಲುತ್ತದೆ. ಅಷ್ಟನ್ನು ತುಂಬಿಡಲು ಬೇಕಾದ ಚಿಪ್ಪು ಅಂದು ತೀರ ದುಬಾರಿಯಾಗಿತ್ತು. 1983ರಲ್ಲಿ ಬೇರೆ ಬೇರೆ ಸಂಸ್ಥೆಗಳ ವಾದ್ಯಗಳೂ ಗಣಕಗಳೂ ಪರಸ್ಪರ ಮಾತನಾಡಲು ಮಿಡಿ ಎಂಬ ಸಮಾನ ಭಾಷೆ ರೂಪುಗೊಂಡಿತು. 2004ರಲ್ಲಿ ಆಪಲ್ ಸಂಸ್ಥೆಯ ಗ್ಯಾರೇಜ್‌ಬ್ಯಾಂಡ್ ಬಂದ ಮೇಲಂತೂ ಇಡೀ ಸ್ಟುಡಿಯೋ ಮೇಜಿನ ಮೇಲೆ ಬಂದು ಕುಳಿತಿತು.

ನಮ್ಮಲ್ಲಿಯೂ ಬೆಂಗಳೂರಿನ ರಾಡೆಲ್ ಸಂಸ್ಥೆಯ ವಿದ್ಯುನ್ಮಾನ ತಂಬೂರಿ, ತಾಳಯಂತ್ರಗಳು ಎಷ್ಟೋ ಮನೆಗಳಲ್ಲಿ ಸಾಧನೆಗೆ ನೆರವಾಗಿವೆ. ನನ್ನ ತಂಗಿಯ ಮನೆಯಲ್ಲಿಯೂ ಒಂದಿತ್ತು. ಆದರೆ ಕಛೇರಿಯಲ್ಲಿ ಮೃದಂಗದ ಬದಲಿಗೆ ಅದನ್ನಿಟ್ಟವರನ್ನು ನಾನು ಕಂಡಿಲ್ಲ. ಸಾಧನೆಯ ಜೊತೆಗಾರನೇ ಬೇರೆ, ಕಛೇರಿಯ ಜೊತೆಗಾರನೇ ಬೇರೆ. ಮನೆಯಲ್ಲಿ ಸರ್ಫ್ ಸಂಗೀತ ಮುದ್ರಿಸುವವನ ಕಷ್ಟವೆಂದರೆ, ಅವನಿಗೆ ಯಂತ್ರವೇ ಕಛೇರಿಯ ಜೊತೆಗಾರನಾಗಬೇಕು.

ಬಾಲ್ಬೋವಾದಿಂದ ಹಿಂದಿರುಗಿದ ಆ ಸಂಜೆ ನನ್ನ ವಿದ್ಯಾರ್ಥಿ ತನ್ನ ಮನೆಯಲ್ಲಿ ಒಂದು ಮುದ್ರಣವನ್ನು ಕೇಳಿಸಿದ. ಗಿಟಾರು ಸೊಗಸಾಗಿತ್ತು. ಡ್ರಮ್ಮಿನಲ್ಲಿ ತಪ್ಪೇನೂ ಇರಲಿಲ್ಲ. ಅದೇ ಅದರ ತಪ್ಪು ಎನಿಸಿತು. “ಕಾಗುಣಿತದ ತಪ್ಪಿಲ್ಲದ, ಆದರೆ ಯಾರೂ ಬರೆಯದ ಕಾಗದದ ಹಾಗಿದೆಯಪ್ಪ,” ಎಂದೆ. ಅವನು ಗಣಕದ ಪರದೆಯನ್ನು ತೋರಿಸಿದ. ಚೌಕುಳಿ ಹಾಳೆಯಂತೆ ಮನೆಗಳು. ಒಂದೊಂದು ಸಾಲೂ ಒಂದೊಂದು ಡ್ರಮ್ಮು. ನಾಲ್ಕು ಎಣಿಕೆಯ ಒಂದು ಆವರ್ತಕ್ಕೆ ಹದಿನಾರು ಮನೆ. ಪೆಟ್ಟು ಬೀಳಬೇಕಾದಲ್ಲಿ ಒಂದು ಗುರುತು. ಪ್ರತಿ ಪೆಟ್ಟಿನ ಬಲಕ್ಕೆ 1ರಿಂದ 127ರವರೆಗೆ ಒಂದು ಅಂಕಿ. ‘ವೈಪ್ ಔಟ್’ನಂಥ ಕೃತಿಯ ಗತಿ ನಿಮಿಷಕ್ಕೆ 160 ಎಣಿಕೆಗಳ ಆಸುಪಾಸಿನದು. ಆ ಲೆಕ್ಕದಲ್ಲಿ ಒಂದೂವರೆ ಸೆಕೆಂಡಿನಲ್ಲಿ ಹದಿನಾರು ಪೆಟ್ಟು! ಹದಿನಾರಕ್ಕೂ ಒಂದೇ ಅಂಕಿ ಕೊಟ್ಟರೆ ಕೇಳಿಸುವುದು ತಾಳವಲ್ಲ, ಹೊಲಿಗೆ ಯಂತ್ರ.

ಆ ಮೇಲಿನ ವರ್ಷಗಳಲ್ಲಿ ಅವನು ಒಂದೊಂದೇ ಪಾಠ ಕಲಿತು ನನಗೆ ಬರೆಯುತ್ತ ಬಂದ. ಹದಿನಾರು ಪೆಟ್ಟುಗಳಲ್ಲಿ ಒತ್ತು ಬೀಳುವುದು ಕೆಲವಕ್ಕೆ ಮಾತ್ರ. ಉಳಿದವು ಪಿಸುಮಾತಿನಂತೆ ಹಾಯಬೇಕು. ಬಲಗೈ ಪೆಟ್ಟಿಗಿಂತ ಎಡಗೈ ಪೆಟ್ಟು ಸಾಮಾನ್ಯವಾಗಿ ಒಂದಿಷ್ಟು ಹಗುರ. ಆದ್ದರಿಂದ ಅಂಕಿಗಳೂ ಒಂದು ಬಿಟ್ಟು ಒಂದು ತಗ್ಗಬೇಕು. ಮನುಷ್ಯನಿಗಿರುವುದು ಎರಡೇ ಕೈ. ಟಾಮ್‌ಗಳ ಮೇಲೆ ಎರಡೂ ಕೈ ಓಡುತ್ತಿರುವಾಗ ಸಿಂಬಲ್ಲನ್ನು ಬಾರಿಸುವ ಮೂರನೆಯ ಕೈ ಎಲ್ಲಿಂದ ಬರಬೇಕು? ಹೊಸಬರು ಮರೆಯುವುದು ಇದನ್ನೇ ಎಂದ. ಇನ್ನು ಕಾಲಮಾನ: ಉತ್ಸಾಹದಿಂದ ಸುರಿಮಳೆಗರೆಯುವಾಗ ವಾದಕ ಕೂದಲೆಳೆಯಷ್ಟು ಮುಂದೋಡುತ್ತಾನೆ, ಕೊನೆಯ ಸುತ್ತಿಗೆ ಗತಿ ತುಸು ಏರಿರುತ್ತದೆ. ಗಣಕಕ್ಕೆ ‘ಅಲ್ಲಲ್ಲಿ ತಪ್ಪು ಮಾಡು’ ಎಂದು ಅಪ್ಪಣೆ ಕೊಡುವ ಗುಂಡಿಯೂ ಉಂಟಂತೆ. ಅದು ಕುರುಡಾಗಿ ಎಡವುತ್ತದೆ. ಮನುಷ್ಯನಾದರೋ ಒಂದು ಕಾರಣಕ್ಕಾಗಿ ಎಡವುತ್ತಾನೆ: ದಣಿವಿನಿಂದ, ಇಲ್ಲವೇ ಸಂತೋಷದಿಂದ.

ಕೋಣೆಯ ವಿಷಯವೂ ಮುಖ್ಯ. ಅಂದಿನ ಹುಡುಗರು ಒಂದೇ ಕೋಣೆಯಲ್ಲಿ ಕೂಡಿ ನುಡಿಸಿದರು. ಮೈಕುಗಳು ಕೆಲವೇ ಇದ್ದವು. ಗಿಟಾರಿನ ಮೈಕಿನೊಳಗೆ ಡ್ರಮ್ಮೂ ಡ್ರಮ್ಮಿನ ಮೈಕಿನೊಳಗೆ ಗಿಟಾರೂ ಸೋರುತ್ತಿದ್ದವು. ಇಂದಿನ ಗಣಕದ ಡ್ರಮ್ಮುಗಳು ಒಂದೊಂದೂ ಬೇರೆ ಬೇರೆಯಾಗಿ ತೊಳೆದಿಟ್ಟ ಪಾತ್ರೆಗಳಂತೆ ಶುಭ್ರ. ಅವನು ಅವೆಲ್ಲವನ್ನೂ ಒಟ್ಟುಗೂಡಿಸಿ, ಒಂದು ಸಣ್ಣ ಸ್ಪೀಕರಿನಲ್ಲಿ ತನ್ನ ಗ್ಯಾರೇಜಿನೊಳಗೆ ನುಡಿಸಿ, ಆ ಸದ್ದನ್ನು ಒಂದೇ ಮೈಕಿನಿಂದ ಮತ್ತೆ ಮುದ್ರಿಸಿಕೊಳ್ಳತೊಡಗಿದ. ಆಗ ಡ್ರಮ್ಮುಗಳಿಗೆ ಗೋಡೆಯೂ ಮಾಡೂ ಬಂದವು.

ಇನ್ನು ನಾನು ಮುಂದೂಡಿದ ಮಾತು. ಆ ಸಂಜೆ ನಾನು ಅವನನ್ನು ಕೇಳಿದ್ದೆ: “ಇಷ್ಟೆಲ್ಲ ಕಷ್ಟವೇಕೆ? ನೀನೇ ಡ್ರಮ್ ಬಾರಿಸುತ್ತಿದ್ದೆಯಲ್ಲ, ಶಾಲೆಯಲ್ಲಿ?” ಅವನು ನಗುತ್ತಲೇ, “ನೀವು ಕೋಲು ಕಿತ್ತುಕೊಂಡ ಮೇಲೆ ಮುಟ್ಟಲಿಲ್ಲ ಸಾರ್,” ಎಂದ.

1983ರ ಆಗಸ್ಟ್ 15. ಮಳೆ ಆಗತಾನೆ ಬಿಟ್ಟಿತ್ತು. ಮಾರ್ಚ್‌ಪಾಸ್ಟಿನ ಉಸ್ತುವಾರಿ ಆ ವರ್ಷ ನನ್ನದಾಗಿತ್ತು. ಒಂಬತ್ತನೆಯ ತರಗತಿಯ ಅವನು ಸೈಡ್ ಡ್ರಮ್ ಹಿಡಿದಿದ್ದ. ಅರ್ಧ ದಾರಿಯಲ್ಲಿ ಅವನು ಹೇಳಿಕೊಟ್ಟ ತಾಳದೊಳಗೆ ತನ್ನವೇ ಕೆಲವು ಪೆಟ್ಟುಗಳನ್ನು ಸೇರಿಸಿದ. ಹುಡುಗಿಯರ ಸಾಲಿನ ಹೆಜ್ಜೆ ತಪ್ಪಿತು. ಅತಿಥಿಗಳ ಮುಂದೆ ನನ್ನ ಮಾನ ಹೋಯಿತೆಂದು ನನಗನ್ನಿಸಿತು. ಎಲ್ಲರೆದುರಿಗೆ ಅವನ ಕೈಯಿಂದ ಕೋಲುಗಳನ್ನು ಕಿತ್ತು ಇನ್ನೊಬ್ಬನಿಗೆ ಕೊಟ್ಟು, “ತಾಳ ಹಿಡಿಯಲು ಬಾರದವನಿಗೆ ಡ್ರಮ್ ಏಕೆ?” ಎಂದೆ. ನಾನು ಅದನ್ನು ಮರೆತೇಬಿಟ್ಟಿದ್ದೆ. ಅವನು ಮರೆತಿರಲಿಲ್ಲ. ಮೂವತ್ತೊಂದು ವರ್ಷಗಳ ಕಾಲ.

ಸಾಲುಗಳ ಹೆಜ್ಜೆ ತಪ್ಪಿದ್ದು ನಿಜ. ತಿದ್ದುವುದು ಮೇಷ್ಟರ ಕರ್ತವ್ಯವೂ ಹೌದು. ಆದರೆ ಮೆರವಣಿಗೆ ಮುಗಿದ ಮೇಲೆ ಅವನನ್ನು ಕರೆದು, “ಅದೇನಪ್ಪ ಬಾರಿಸಿದೆ? ಇನ್ನೊಮ್ಮೆ ಬಾರಿಸು, ಕೇಳೋಣ,” ಎನ್ನಲು ನನಗೆ ಐದು ನಿಮಿಷ ಸಾಕಾಗಿತ್ತು. ಕುಕಮಾಂಗಾದ ಆ ಪುಟ್ಟ ಸ್ಟುಡಿಯೋದಲ್ಲಿ ಜೊತೆಯ ಹುಡುಗರು ರಾನ್ ವಿಲ್ಸನ್ನನಿಗೆ ಮಾಡಿದ್ದು ಅಷ್ಟೇ: ಕೇಳಿಸಿಕೊಂಡರು. ನಾನು ಅಷ್ಟನ್ನೂ ಮಾಡಲಿಲ್ಲ.

ಕಳೆದ ತಿಂಗಳು ಅವನಿಂದ ಹೊಸದೊಂದು ಮುದ್ರಣ ಬಂತು. ಈಗ ಅವನು ಪರದೆಯ ಚೌಕಗಳಲ್ಲಿ ಗುರುತು ಹಾಕುವುದನ್ನು ಬಿಟ್ಟು, ಗಣಕಕ್ಕೆ ಜೋಡಿಸಿದ ರಬ್ಬರಿನ ಹಲಗೆಗಳ ಮೇಲೆ ಕೋಲು ಹಿಡಿದು ಬಾರಿಸುತ್ತಾನೆ. ಪಕ್ಕದ ಮನೆಗೆ ಕೇಳಿಸುವುದು ಬರಿಯ ಟಪಟಪ ಸದ್ದು. ಗಣಕದೊಳಗೆ ಅದೇ ಡ್ರಮ್ಮಾಗುತ್ತದೆ. ಐವತ್ತು ದಾಟಿದ ಮೇಲೆ ಮತ್ತೆ ಕೋಲು ಹಿಡಿದಿದ್ದಾನೆ. ಎಡಗೈ ಹಗುರವಾಗಿ ಬೀಳುತ್ತದೆ. ಕೊನೆಯಲ್ಲಿ ಗತಿ ಓಡುತ್ತದೆ. ನಡುವೆ ಗಿಟಾರು ನಿಂತು ಡ್ರಮ್ಮೊಂದೇ ಉಳಿಯುವ ಜಾಗದಲ್ಲಿ ನಮ್ಮ ಶಾಲೆಯ ಮಾರ್ಚ್‌ಪಾಸ್ಟಿನ ತಾಳವನ್ನು ಗುರುತಿಸಿದೆ. ಅದರೊಳಗೆ, ಅಂದು ಅವನು ಸೇರಿಸಿದ ಆ ಪೆಟ್ಟುಗಳೂ ಇದ್ದವು. ಇರಲೇಬೇಕು, ಏಕೆಂದರೆ ಅವನು ಕಾಗದದಲ್ಲಿ ಬರೆದದ್ದು ಒಂದೇ ಸಾಲು: “ಸಾರ್, ಇಷ್ಟೇ ಬಾರಿಸಿದ್ದು ಅವತ್ತು.”

ಮೂರು ಸಲ ಕೇಳಿದೆ. ಚೆನ್ನಾಗಿತ್ತು. ಅಂದೂ ಚೆನ್ನಾಗಿಯೇ ಇದ್ದಿರಬೇಕು.

ಗದರಿದ್ದು ಎಲ್ಲರೆದುರಿಗಾದ್ದರಿಂದ ತಪ್ಪೊಪ್ಪಿಗೆಯೂ ಎಲ್ಲರೆದುರಿಗೇ ಆಗಲಿ ಎಂದು ಇಲ್ಲಿ ಬರೆದಿದ್ದೇನೆ. ಆ ದಿನ ಸಾಲಿನಲ್ಲಿ ನಡೆದವರು ನಿಮ್ಮಲ್ಲಿ ಯಾರಾದರೂ ಇದ್ದರೆ ಅವನಿಗೆ ಎರಡು ಸಾಲು ಬರೆಯಿರಿ. ಇನ್ನು, ಈಗ ಮೇಷ್ಟರುಗಳಾಗಿರುವ ನನ್ನ ವಿದ್ಯಾರ್ಥಿಗಳಿಗೆ ಒಂದು ಮಾತು: ಮೇಜು ಬಡಿಯುವ ಹುಡುಗನನ್ನು ಸುಮ್ಮನಿರಿಸುವ ಮೊದಲು, ಅವನು ಬಡಿಯುತ್ತಿರುವುದು ಏನೆಂದು ಒಂದು ಆವರ್ತದಷ್ಟಾದರೂ ಕೇಳಿ.